ಹತ್ತಡಿ ಹುಲ್ಲು, ಎರಡು ಡ್ರಮ್ ನೀರು

ಫೆಬ್ರವರಿ ೩, ಸೋಮವಾರ

ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಪಾತ್ರವರ್ಗ ಬರೆಯದಿದ್ದರೆ ನನ್ನ ಕೈಗೆ ಸಮಾಧಾನವಿಲ್ಲ. ಮೂವತ್ತೊಂದು ವರ್ಷ ನಾಟಕ ಕಂಪನಿಯಲ್ಲಿ ರಾಜನಾಗಿ ಮೆರೆದವನ ಚಟ. ಕಂಪನಿ ಮುಚ್ಚಿ ಹತ್ತು ವರ್ಷವಾದರೂ ಚಟ ಮುಚ್ಚಿಲ್ಲ. ಹಾಗಾದರೆ ಪರದೆ ಏಳಲಿ.

ನಾನು: ಕಂಪನಿಯವರು ಇಟ್ಟ ಹೆಸರು ನಗಾರಿ. ಮೈಕು ಕೆಟ್ಟ ದಿನವೂ ಕೊನೆಯ ಬೆಂಚಿನಲ್ಲಿ ನಿದ್ದೆ ಹೋದವನನ್ನು ಎಬ್ಬಿಸಿ ಕೂರಿಸಿದ ಕಂಠ ಇದು. ಈಗ ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗುತ್ತೇನೆ. ಸಿಂಹಾಸನ ಹೋಗಿ ಸ್ಟೂಲು ಬಂತು, ಅಷ್ಟೆ.

ಅವಳು: ನನ್ನ ಹೆಂಡತಿ. ಕಂಪನಿಯಲ್ಲಿ ಎಲ್ಲರಿಗೂ ಅವಳು ‘ಪುಸ್ತಕ’. ಪಕ್ಕದ ಪರದೆಯ ಮರೆಯಲ್ಲಿ ನಾಟಕದ ಪ್ರತಿ ಹಿಡಿದು ನಿಂತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಎತ್ತಿಕೊಡುವುದು ಅವಳ ಕೆಲಸವಾಗಿತ್ತು. ಮಾತು ಬೇಕಾದವನು ಬಲಗೈ ಮುಷ್ಟಿ ಮಾಡಬೇಕು. ಮುಷ್ಟಿ ಕಾಣುವ ತನಕ ಅವಳ ತುಟಿ ಅಲ್ಲಾಡುತ್ತಿರಲಿಲ್ಲ. ನನ್ನ ಮಾತುಗಳಲ್ಲಿ ಅವಳು ಒಂದು ದಿನವೂ ಎತ್ತಿಕೊಡಬೇಕಾಗದೆ ಉಳಿದದ್ದು ಒಂದೇ, ಪ್ರವೇಶದ ಮಾತು: “ಯಾರಲ್ಲಿ?” ಅದನ್ನು ಯಾವ ರಾಜ ಮರೆತಾನು?

ಏಳು ವಾರದ ಹಿಂದೆ ಅವಳಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಅರ್ಧ ಮರಳಿವೆ. ಮಾತು ಮರಳಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ತಾನು ಹೇಳಹೊರಟರೆ ಮೊದಲ ಅಕ್ಷರದಲ್ಲೇ ಗಾಡಿ ಹೂತುಹೋಗುತ್ತದೆ.

ನಾದಿನಿ: ಅವಳ ತಂಗಿ. ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ರಜೆ ಹಾಕಿ ಬಂದು ಅಕ್ಕನ ಆರೈಕೆಗೆ ನಿಂತಿದ್ದಾಳೆ. ಇಂದು ಊಟದ ತಟ್ಟೆಯ ಮುಂದೆ ತೀರ್ಪು ಓದಿದಳು.

“ಭಾವ, ಮಾರ್ಚ್ ಹದಿನಾರಕ್ಕೆ ನನ್ನ ರಜೆ ಮುಗಿಯುತ್ತೆ. ಅಷ್ಟರಲ್ಲಿ ಅಕ್ಕ ಒಬ್ಬಳೇ ಇರುವಾಗ ಯಾರನ್ನಾದ್ರೂ ಬಾಯಿಬಿಟ್ಟು ಕರೆಯೋ ಹಾಗಾದ್ರೆ ಇಲ್ಲಿರಲಿ. ಇಲ್ಲಾಂದ್ರೆ ನನ್ನ ಜೊತೆ ಕರ್ಕೊಂಡು ಹೋಗ್ತೀನಿ. ನೀವು ಆರು ಗಂಟೆ ಹೊರಗಿರ್ತೀರಿ. ಬಿದ್ದರೆ ಗೋಡೆ ಕರೆಯುತ್ತಾ?”

“ಒಂದು ಮಾತು ತಾನೆ? ನಾನು ಕಲಿಸ್ತೀನಿ.”

“ನೀವು ಕಲಿಸಲ್ಲ ಭಾವ. ಅವಳ ಪಾತ್ರಾನೂ ನೀವೇ ಮಾಡ್ತೀರಿ.”

ಅವಳಿಗೆ ದೇವರು ನಾಲಿಗೆಯ ಬದಲು ಇಂಜೆಕ್ಷನ್ ಸೂಜಿ ಇಟ್ಟಿದ್ದಾನೆ.

ಫೆಬ್ರವರಿ ೫, ಬುಧವಾರ

ಮಾತಿನ ಟೀಚರ್ ಬಂದಿದ್ದಳು. ವಾರಕ್ಕೊಮ್ಮೆ ಬರುವ ಸಣ್ಣ ದನಿಯ ಹುಡುಗಿ. ಕಂಪನಿಯಲ್ಲಾಗಿದ್ದರೆ ಸಖಿಯ ಪಾತ್ರವೂ ಸಿಗುತ್ತಿರಲಿಲ್ಲ. ಇಬ್ಬರೂ ಸೇರಿ ದಿನಾ ಒಂದು ಕೆಲಸ ಮಾಡಿ ಎಂದಳು. ಕೆಲಸದ ನಡುವೆ ಮಾತು ತಾನಾಗಿ ಬರುತ್ತದಂತೆ.

ಪುಸ್ತಕ ಎದ್ದು, ಗೋಡೆ ಹಿಡಿದು ಹೋಗಿ, ತನ್ನ ಚೀಲದಿಂದ ಒಂದು ಪೊಟ್ಟಣ ತಂದು ನನ್ನ ತೊಡೆಯ ಮೇಲಿಟ್ಟಳು. ಹುಲ್ಲಿನ ಬೀಜ. ಬೀಳುವ ಹಿಂದಿನ ವಾರ ತಂದದ್ದು. “ಜೀವಮಾನವೆಲ್ಲ ಹಲಗೆ ಮೇಲೆ ನಿಂತಿದ್ದೀನಿ, ಒಂದು ಸಲ ಹುಲ್ಲಿನ ಮೇಲೆ ನಿಲ್ಲಬೇಕು” ಎಂದಿದ್ದಳು. ಆಗ ನಾನು ನಕ್ಕಿದ್ದೆ. ಕುಡಿಯೋಕೇ ನೀರು ಲಾರಿಯಲ್ಲಿ ಬರುವ ಬೀದಿಯಲ್ಲಿ ಹುಲ್ಲುಹಾಸೇ ಎಂದು.

ಸಂಜೆ ನರ್ಸರಿಗೆ ಹೋದೆ. ಅಂಗಳಪೂರ್ತಿ ಹಸಿರು ಹಾಸಬೇಕು, ರಾಜೋದ್ಯಾನವಾಗಬೇಕು ಎಂದೆ. ನರ್ಸರಿಯಾಕೆ ಕುಂಡದಿಂದ ಕಣ್ಣೆತ್ತಲಿಲ್ಲ.

“ನೀರೆಷ್ಟಿದೆ ಅಣ್ಣ?”

“ಲಾರಿ ವಾರಕ್ಕೆರಡು ಸಲ. ಬಂದಾಗ ಎರಡು ಡ್ರಮ್.”

“ಕುಡಿಯೋದು, ಅಡಿಗೆ, ಸ್ನಾನ ಕಳೆದರೆ ದಿನಕ್ಕೆ ಎರಡು ಕೊಡ ಉಳಿದೀತು. ಹತ್ತಡಿ ಉದ್ದ, ಎಂಟಡಿ ಅಗಲ. ಅದರ ಮೇಲೆ ಒಂದು ಗೇಣೂ ಬೇಡ. ಅಂಗಳ ಎಷ್ಟಿದೆ ಅಂತ ನೋಡಿ ಹುಲ್ಲು ಹಾಕಬಾರದು, ಕೊಡ ಎಷ್ಟಿದೆ ಅಂತ ನೋಡಿ ಹಾಕಬೇಕು.”

ಹತ್ತಡಿಗೆ ಎಂಟಡಿ. ಅಷ್ಟರಲ್ಲಿ ಕತ್ತಿವರಸೆಯೂ ಆಗದು.

ಫೆಬ್ರವರಿ ೮, ಶನಿವಾರ

ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿದೆ. ಒಂದು ಗೇಣು ಆಳ ಅಗೆದೆ. ಕಲ್ಲು, ಗಾಜಿನ ಚೂರು, ಯಾವುದೋ ಕಾಲದ ಕೀಲಿಕೈ. ಪುಸ್ತಕ ಜಗಲಿಯ ಕುರ್ಚಿಯಲ್ಲಿ ಕೂತು ಎಡಗೈಯಲ್ಲಿ ಜರಡಿ ಹಿಡಿದು ಮಣ್ಣು ಸಾಣಿಸಿದಳು. ಸಣ್ಣ ಕಲ್ಲೂ ಅವಳ ಕಣ್ಣು ತಪ್ಪಿಸಲಿಲ್ಲ. ಕಾಗುಣಿತದ ತಪ್ಪು ಹಿಡಿದ ಕಣ್ಣಲ್ಲವೇ.

ಲಾರಿ ಬಂತು. ನಾನು ಅಂಗಳದಿಂದಲೇ “ನಿಲ್ಲಿಸು” ಎಂದೆ. ಬೀದಿಯ ಆ ತುದಿಯಲ್ಲಿ ಹೋಗುತ್ತಿದ್ದ ಸೈಕಲ್ಲೂ ನಿಂತಿತು.

ಪೈಪು ಎಳೆಯುತ್ತ ಡ್ರೈವರ್ ಹೇಳಿದ: “ಯಜಮಾನ್ರೇ, ನಿಮ್ಮ ಮನೆ ಮುಂದೆ ಹಾರ್ನ್ ಹೊಡೆಯೋ ಕೆಲಸ ನಿಮ್ಮದೇ. ನಾನಂತೂ ಕರೆಯದ ಮನೆಗೆ ನಿಲ್ಲಿಸಲ್ಲ. ಎಲ್ಲಾರ ಬಾಗಿಲು ತಟ್ಟುತ್ತಾ ಹೋದ್ರೆ ಕೊನೆ ಬೀದಿಗೆ ಬರೀ ಪೈಪು ಸಿಗುತ್ತೆ.”

ಇದನ್ನೇ ಅವಳಿಗೆ ಪಾಠವಾಗಿ ಕೊಟ್ಟೆ. “ಹೇಳು, ನೀ-ರು.” ತುಟಿ ಮುಂದೆ ಬಂತು. “ನೀ...” ಎಂದಳು. “ನೀರು” ಎಂದೆ ನಾನು. ಅವಳು ತಲೆ ತಗ್ಗಿಸಿದಳು. ನಾಳೆ ಇನ್ನೂ ಜೋರಾಗಿ ಹೇಳಿಕೊಡಬೇಕು.

ಫೆಬ್ರವರಿ ೧೦, ಸೋಮವಾರ

ಬಿತ್ತನೆ. ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಬೀಜಕ್ಕೆ ಮರಳು ಬೆರೆಸಿ, ಅರ್ಧ ಪೊಟ್ಟಣವನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಎರಚಿದೆ. ಹಲಗೆ ಇಟ್ಟು ಮೇಲೆ ನಿಂತು ಒತ್ತಿದೆ. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಕೊಡ ಎತ್ತಿ ಹೆಗಲ ಮಟ್ಟದಿಂದ ಸುರಿದೆ. ಸುರಿಯುವುದಾದರೆ ಹಾಗೆ ಸುರಿಯಬೇಕು, ಪಟ್ಟಾಭಿಷೇಕದಂತೆ. ಒಂದು ಕೊಡವಾಯಿತು.

ಕುರ್ಚಿಯಿಂದ ಅವಳು “ಸಾ... ಸಾ...” ಎಂದಳು.

“ಸಾಲದು?” ಎಂದೆ. ಮಾತು ಎತ್ತಿಕೊಟ್ಟ ಖುಷಿಯಲ್ಲಿ ಎರಡನೆಯ ಕೊಡವನ್ನೂ ಸುರಿದೆ. “ಸಾ, ಸಾ” ಎಂದು ಕುರ್ಚಿಯ ಕೈಗೆ ಬಡಿದಳು. ಇನ್ನೂ ಸಾಲದೇ ಎಂದು ಮೂರನೆಯದನ್ನು ತಂದೆ. ಡ್ರಮ್ಮಿನ ತಳ ಕಂಡಿತು.

ಆಗ ನೋಡಿದೆ: ಬೀಜವೆಲ್ಲ ನೀರಿನ ಮೇಲೆ ತೇಲಿ ದಂಡು ಕಟ್ಟಿಕೊಂಡು ಮೋರಿಯ ಕಡೆ ಹೊರಟಿತ್ತು.

ನಾದಿನಿ ಬಾಗಿಲಲ್ಲಿ ನಿಂತಿದ್ದಳು. “ಭಾವ, ಅವಳು ಹೇಳಿದ್ದು ಸಾಕು ಅಂತ.”

ಪುಸ್ತಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆಂದು ಹತ್ತಿರ ಹೋದೆ. ನಗುತ್ತಿದ್ದಳು. ಆಮೇಲೆ ಅತ್ತಳು.

ಫೆಬ್ರವರಿ ೧೧, ಮಂಗಳವಾರ

ಲಾರಿ ಬರುವ ತನಕ ಕುಡಿಯುವ ನೀರನ್ನು ಎದುರುಮನೆಯವರು ಕೊಟ್ಟರು. ತಲೆ ತಗ್ಗಿಸಿ ತೆಗೆದುಕೊಂಡೆ.

ಫೆಬ್ರವರಿ ೧೩, ಗುರುವಾರ

ಉಳಿದರ್ಧ ಪೊಟ್ಟಣ. ಈ ಸಲ ನರ್ಸರಿಯಾಕೆಯೇ ಬಂದು ನಿಂತು ಮಾಡಿಸಿದಳು. ಬೀಜದ ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆವು. ಸಣ್ಣ ತೂತಿನ ಮೂತಿಯ ನೀರಿನ ಕ್ಯಾನು. ದಿನಕ್ಕೆ ಮೂರು ಸಲ, ಗೋಣಿ ಒದ್ದೆಯಾಗುವಷ್ಟು.

“ಎಷ್ಟು ದಿನಕ್ಕೆ ಬರುತ್ತೆ?” ಎಂದೆ.

“ಹತ್ತು. ಹನ್ನೆರಡು. ಎತ್ತಿ ಎತ್ತಿ ನೋಡ್ಬೇಡಿ ಅಣ್ಣ, ನೋಡಿದ್ರೆ ಬೇಗ ಬರಲ್ಲ.”

ಅಕ್ಕಿ, ತರಕಾರಿ ತೊಳೆದ ನೀರು, ಬಟ್ಟೆಯ ಕೊನೆಯ ಜಾಲಾಟದ ನೀರು ಎಲ್ಲ ಇನ್ನು ಒಂದು ಬಕೆಟ್ಟಿಗೆ. ಪುಸ್ತಕ ಆ ಬಕೆಟ್ಟಿನ ಕಾವಲು. ಸಂಜೆ ಮುಖ ತೊಳೆದು ನೀರು ಚೆಲ್ಲಲು ಹೋದವನ ಕೈ ಹಿಡಿದಳು. ಎಡಗೈ ಹಿಡಿತ ಗಟ್ಟಿಯಾಗಿದೆ.

ಫೆಬ್ರವರಿ ೨೦, ಗುರುವಾರ

ಏಳು ದಿನ. ಗೋಣಿಯ ಕೆಳಗೆ ಏನೂ ಇಲ್ಲ. ಕುರ್ಚಿಯಿಂದಲೂ ಒಂದು ಮಾತಿಲ್ಲ.

ಟೀಚರ್ ಇಂದು ಅಂದಳು: “ಸರ್, ನೀವು ಮಾತು ಕೊಡಬೇಡಿ. ಕಾಯಿರಿ. ಯಾವ ಮಾತು ಮೊದಲು ಬರುತ್ತೆ ಅಂತ ತೀರ್ಮಾನ ಮಾಡೋರು ನಾವಲ್ಲ.”

ಕಾಯಬೇಕಂತೆ. ಮಾತು ಸಿಗದೆ ಬೆಳಕಿನಲ್ಲಿ ನಿಂತವನ ಸಂಕಟ ಈ ಹುಡುಗಿಗೇನು ಗೊತ್ತು? ನನಗೆ ಗೊತ್ತು. ಕಂಪನಿಗೆ ಸೇರಿದ ಎಂಟನೆಯ ವರ್ಷ. ಸತ್ತ ಮಗನ ಮುಂದೆ ರಾಜ ನಿಂತಿದ್ದಾನೆ. ಮುಂದೆ ಒಂದೂವರೆ ಪುಟದ ಮಾತು. ಒಂದಕ್ಷರವೂ ಬರಲಿಲ್ಲ. ಮುಷ್ಟಿ ಮಾಡಿದೆ. ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ನನ್ನನ್ನೇ ನೋಡುತ್ತಿದ್ದಳು, ತುಟಿ ಬಿಗಿದಿತ್ತು. ಉಗುರು ಅಂಗೈಗೆ ಇಳಿಯುವ ಹಾಗೆ ಮುಷ್ಟಿ ಬಿಗಿದೆ. ಕೊಡಲಿಲ್ಲ. ಸಾವಿರ ಜನ ಕೆಮ್ಮದೆ ಕೂತಿದ್ದರು. ಎಷ್ಟು ಹೊತ್ತೋ. ಕೊನೆಗೆ ಮಂಡಿಯೂರಿ “ಏಳು” ಎಂದೆ. ಅಷ್ಟೇ ಬಂದದ್ದು. ಜನ ಅತ್ತರು. ಆ ಮೌನಕ್ಕೇ ನನಗೆ ಹೆಸರು ಬಂತು.

“ಪುಟ ತಪ್ಪಿತ್ತಾ?” ಎಂದು ಕೇಳಿದ್ದಕ್ಕೆ “ಹೂಂ, ತಪ್ಪಿತ್ತು” ಎಂದಳು. ಜನ ಹಾರ ಹಾಕಿದರೂ ನಾನು ಅದನ್ನು ಕ್ಷಮಿಸಲಿಲ್ಲ. ನನ್ನ ಎದುರು ಯಾರೂ ಹಾಗೆ ಮಾತಿಲ್ಲದೆ ನೇತಾಡಬಾರದು ಎಂದು ಅಂದೇ ನಿಶ್ಚಯಿಸಿದೆ. ಹಾಗಾಗಿ ಕೊಡುತ್ತೇನೆ. ಕೇಳುವ ಮೊದಲೇ ಕೊಡುತ್ತೇನೆ.

ಫೆಬ್ರವರಿ ೨೫, ಮಂಗಳವಾರ

ಬಂತು.

ಗೋಣಿಯ ಅಂಚು ಎತ್ತಿದಾಗ ಮೊದಲು ಏನೂ ಕಾಣಲಿಲ್ಲ. ನೆಲಕ್ಕೆ ಕೆನ್ನೆ ಆನಿಸಿ ನೋಡಿದರೆ ಕಂಡಿತು: ಸೂಜಿಮೊನೆಯಷ್ಟು ಹಸಿರು, ಅಲ್ಲೊಂದು ಇಲ್ಲೊಂದು. ನೇರ ನಿಂತರೆ ಮತ್ತೆ ಮಾಯ. ಪುಸ್ತಕಳನ್ನು ಕುರ್ಚಿಯಿಂದ ಎಬ್ಬಿಸಿ ನೆಲಕ್ಕಿಳಿಸಿ ತೋರಿಸಿದೆ. ನಾದಿನಿಯೂ ಬಂದು ಬಗ್ಗಿದಳು. ಮೂರು ಜನ ನೆಲಕ್ಕೆ ಕೆನ್ನೆ ಇಟ್ಟು ಮಲಗಿದ್ದನ್ನು ನೋಡಿ ಲಾರಿ ಡ್ರೈವರ್ “ಏನು ಕಳ್ಕೊಂಡ್ರಿ?” ಎಂದ.

ಹಿಂದಿನ ಸಲ ತೇಲಿಹೋದ ಬೀಜವೂ ಮೋರಿಯ ದಂಡೆಯಲ್ಲಿ ಗೀರು ಎಳೆದ ಹಾಗೆ ದಟ್ಟವಾಗಿ ಬಂದಿದೆ. ನನ್ನ ಪಟ್ಟಾಭಿಷೇಕದ ಸಾಕ್ಷಿ.

ಮಾರ್ಚ್ ೧, ಶನಿವಾರ

ಗೋಣಿ ತೆಗೆದ ಮೇಲೆ ಗುಬ್ಬಿಗಳ ಕಾಟ, ಬಿಸಿಲೂ ಹೆಚ್ಚು. ನೆರಳಿಗೆ ತೆಳುಬಟ್ಟೆ ಬೇಕಿತ್ತು. ಪುಸ್ತಕ ತನ್ನ ಟ್ರಂಕಿನ ಕಡೆ ಕೈ ತೋರಿಸಿದಳು. ತೆಗೆದರೆ ಕಂಪನಿಯ ಜಾಲರಿ ಪರದೆ, ಸ್ವರ್ಗದ ದೃಶ್ಯಕ್ಕೆ ಇಳಿಬಿಡುತ್ತಿದ್ದದ್ದು. ನಾಲ್ಕು ಗೂಟಕ್ಕೆ ಕಟ್ಟಿದೆ. ಚೆನ್ನಾಗಿ ಒಪ್ಪಿತು.

ಅದರ ಕೆಳಗೆ ಅವಳ ಪ್ರತಿಗಳಿದ್ದವು. ಸತ್ತ ಮಗನ ನಾಟಕದ್ದೂ ಇತ್ತು. ಆ ದೃಶ್ಯದ ಪುಟ ತೆರೆದೆ. ನಟ ಬೇಕೆಂದೇ ಸುಮ್ಮನಿರುವ ಕಡೆ ಅವಳು ಪೆನ್ಸಿಲಿನಲ್ಲಿ ಎರಡು ನೆಟ್ಟನೆಯ ಗೆರೆ ಎಳೆಯುತ್ತಿದ್ದಳು, ಮೌನವನ್ನು ಮರೆವೆಂದು ತಿಳಿದು ಬಾಯಿಹಾಕಬಾರದೆಂದು. ನನ್ನ ಮಾತಿನ ಮುಂದೆಯೂ ಎರಡು ಗೆರೆ ಇವೆ. ಪಕ್ಕದಲ್ಲಿ ಆ ಪ್ರಯೋಗದ ತಾರೀಖು. ಕೆಳಗೆ ಅವಳ ಸಣ್ಣ ಅಕ್ಷರ:

“ಮುಷ್ಟಿ ಕಂಡೆ. ಕೊಡಲಿಲ್ಲ. ಬಂತು.”

ಪುಟ ತಪ್ಪಿರಲಿಲ್ಲ.

ಜಗಲಿಗೆ ಬಂದು ಅವಳ ಪಕ್ಕ ಕೂತೆ. ನನ್ನ ಕೈಲಿದ್ದ ಪ್ರತಿ ನೋಡಿದಳು. ಏನೋ ಹೇಳಹೊರಟಳು, ಬರಲಿಲ್ಲ. ನನಗೂ ಬರಲಿಲ್ಲ. ಹುಲ್ಲಿಗೆ ಸಂಜೆಯ ನೀರು ಹಾಕುವ ಹೊತ್ತಾಗಿತ್ತು.

ಮಾರ್ಚ್ ೫, ಬುಧವಾರ

ಒಂದಂಗುಲ.

ಟೀಚರ್ ಬಂದಿದ್ದಳು. ಬಟ್ಟಲು ತೋರಿಸಿದಳು. ಪುಸ್ತಕ “ಬ...” ಎಂದು ನಿಂತಳು. ನಾನು ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದುಕೊಂಡೆ. ಹದಿನೇಳು ಉಸಿರು. ಬರಲಿಲ್ಲ. ಹೋಗುವಾಗ ಟೀಚರ್ ನನಗೆ “ಚೆನ್ನಾಗಿತ್ತು ಸರ್” ಎಂದಳು. ಏನು ಚೆನ್ನಾಗಿತ್ತೋ. ಮಾತು ಬಂದಿರಲಿಲ್ಲವಲ್ಲ.

ಮಾರ್ಚ್ ೮, ಶನಿವಾರ

ಡಿಪೋ ಮ್ಯಾನೇಜರ್ ಕರೆದು ಕೇಳಿದರು: “ಏನ್ರೀ ನಗಾರಿ, ಈಚೆಗೆ ಪ್ರಕಟಣೆ ಮಧ್ಯೆ ನಿಲ್ಲಿಸ್ತೀರಂತೆ? ‘ಮೂರನೇ ಪ್ಲಾಟ್‌ಫಾರ್ಮಿನಲ್ಲಿ’ ಅಂತ ಹೇಳಿ ಸುಮ್ಮನಾಗ್ತೀರಿ. ಜನ ಎಲ್ಲಾ ಬಾಯಿಬಿಟ್ಕೊಂಡು ಮೈಕ್ ನೋಡ್ತಿರ್ತಾರೆ.”

ಮೈಕು ಕೆಟ್ಟಿರಬೇಕು ಎಂದೆ. ನೋಡಿಸುತ್ತಾರಂತೆ.

ಲಾರಿಯವನು ಇಂದು ಒಂದೇ ಡ್ರಮ್ ಕೊಟ್ಟ. ಪಂಪು ಕೆಟ್ಟಿದೆಯಂತೆ, ಮುಂದಿನ ವಾರ ಯಾವ ದಿನ, ಯಾವ ಹೊತ್ತಿಗೆ ಬರುವನೋ ತಿಳಿಯದಂತೆ.

ಮಾರ್ಚ್ ೧೧, ಮಂಗಳವಾರ

ಲಾರಿ ಇಲ್ಲ. ಹುಲ್ಲಿನ ತುದಿ ನೀಲಿಗಟ್ಟಿ ಮಡಚಿದೆ. ನಡೆದರೆ ಹೆಜ್ಜೆ ಅಚ್ಚಾಗಿ ಉಳಿಯುತ್ತದೆಯಂತೆ, ಬಾಯಾರಿಕೆಯ ಗುರುತು. ನಾನು ನಡೆದು ನೋಡಲಿಲ್ಲ.

ಪುಸ್ತಕ ತನ್ನ ಸ್ನಾನ ಬಿಟ್ಟಳು. ನಾದಿನಿ ಬೈದಳು. ಅವಳು ಬಕೆಟ್ಟನ್ನು ಅಂಗಳದ ಕಡೆ ತಳ್ಳಿದಳು.

ಮಾರ್ಚ್ ೧೩, ಗುರುವಾರ

ಇಂದಿನದನ್ನು ಬಿಡದೆ ಬರೆಯಬೇಕು. ನಾನು ನೋಡದ ದೃಶ್ಯವಿದು.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನಾದಿನಿ ಬಸ್ ನಿಲ್ದಾಣಕ್ಕೆ ಬಂದು ನನ್ನ ಕಿಟಕಿಯ ಹೊರಗೆ ನಿಂತಳು. ಕೈಯಲ್ಲಿ ಎರಡು ಟಿಕೆಟ್ಟು. ಭಾನುವಾರ ಬೆಳಗಿನ ಬಸ್ಸು.

“ಭಾವ, ಬೇಜಾರು ಮಾಡ್ಕೋಬೇಡಿ. ಅಕ್ಕನ್ನ ಕುರ್ಚೀಲಿ ಕೂರಿಸಿ ಬಂದಿದ್ದೀನಿ, ಅರ್ಧ ಗಂಟೆ ಅಂತ. ಅಷ್ಟಕ್ಕೇ ಎದೆ ಹೊಡ್ಕೊಳ್ತಿದೆ ನನಗೆ. ಇನ್ನು ದಿನಾ ಆರು ಗಂಟೆ ಹೇಗೆ ಬಿಡ್ಲಿ?”

ನಾನು ಟಿಕೆಟ್ಟನ್ನೇ ನೋಡುತ್ತಿದ್ದೆ. ಅವಳಿಗೇ ವಿಚಿತ್ರವೆನಿಸಿ “ಏನಾದ್ರೂ ಮಾತಾಡಿ ಭಾವ” ಎಂದಳು. ಆ ಭಾನುವಾರದ ಬಸ್ಸನ್ನು ಕೂಗಿ ಹೇಳಬೇಕಾದವನು ನಾನೇ ಎಂದು ಆಗ ಹೊಳೆಯಿತು.

ಅಷ್ಟರಲ್ಲಿ ಎದುರಿನ ರಸ್ತೆಯಲ್ಲಿ ನೀರಿನ ಲಾರಿ ನಮ್ಮ ಬೀದಿಯತ್ತ ತಿರುಗಿದ್ದು ಕಂಡಿತು. ಕರೆಯದ ಮನೆಗೆ ನಿಲ್ಲದ ಲಾರಿ. ಮನೆಯಲ್ಲಿ ಕರೆಯಲಾರದವಳು. ಸಹಾಯಕನಿಗೆ ಮೈಕು ಒಪ್ಪಿಸಿ ಓಡಿದೆ. ನಾದಿನಿ ಹಿಂದೆ. ಅರವತ್ತರ ಮೇಲಿನ ರಾಜ ಓಡುವುದನ್ನು ಬೀದಿಯೇ ನಿಂತು ನೋಡಿತು. ತಿರುವಿನಿಂದಲೇ “ನಿಲ್ಲಿಸು” ಎನ್ನಬೇಕೆಂದು ಬಾಯಿ ತೆರೆದರೆ, ಉಸಿರು ಬಂತು, ದನಿ ಬರಲಿಲ್ಲ. ನನ್ನ ನಗಾರಿ ಹರಿದುಹೋಗಿತ್ತು.

ಲಾರಿ ನಮ್ಮ ಮನೆಯ ಮುಂದೆಯೇ ನಿಂತಿತ್ತು.

ಪೈಪು ಡ್ರಮ್ಮಿನೊಳಗಿತ್ತು. ಎರಡನೆಯ ಡ್ರಮ್ಮು ಕಂಠದವರೆಗೆ ತುಂಬಿತ್ತು. ಪುಸ್ತಕ ಕುರ್ಚಿಯಲ್ಲಿರಲಿಲ್ಲ; ಜಗಲಿಯ ಕಂಬ ಹಿಡಿದು ನಿಂತಿದ್ದಳು, ಬೆವರಿದ್ದಳು. ನಾನು ಗೇಟು ಹಿಡಿದು ಡ್ರೈವರನ್ನು ನೋಡಿದೆ.

“ಯಜಮಾನ್ರೇ, ನೀವು ಮನೇಲಿಲ್ಲ ಅಂದ್ಕೊಂಡು ಮುಂದೆ ಹೋಗ್ಬಿಟ್ಟಿದ್ದೆ, ನಾಲ್ಕು ಮನೆ ಆಚೆ. ಹಿಂದಿನಿಂದ ಬಂತು ನೋಡಿ. ಎದೆ ಝಲ್ ಅಂತು. ಬ್ರೇಕ್ ಮೇಲೆ ನಿಂತೆ.”

“ಏನು ಬಂತು?” ನಾದಿನಿ ಕೇಳಿದಳು.

“‘ಯಾರಲ್ಲಿ’ ಅಂತ.”

ಡ್ರಮ್ಮು ತುಂಬಿ ಹೊರಗೆ ಸ್ವಲ್ಪ ಚೆಲ್ಲಿತು.

“ನಾನು ಇಳಿದು ಬಂದು, ನಾನೇ ಅಮ್ಮ, ನೀರಿನ ಲಾರಿ ಅಂದೆ. ಮತ್ತೇನು ಹೇಳ್ಲಿ? ಅಪ್ಪಣೆ ಅಂತ ಕೈಕಟ್ಟೋದೊಂದು ಬಾಕಿ. ಹೀಗೆ ಕೈ ತೋರಿಸಿದ್ರು, ಡ್ರಮ್ ಕಡೆಗೆ.” ಅವನು ತೋಳು ಚಾಚಿ ತೋರಿಸಿದ. ಅದು ನನ್ನ ಕೈ. ಆಸ್ಥಾನಕ್ಕೆ ಬಂದು ನಿಂತಾಗ ಮೂವತ್ತೊಂದು ವರ್ಷ ನಾನು ಚಾಚಿದ್ದು ಹಾಗೆಯೇ.

ನಾದಿನಿ ಓಡಿಹೋಗಿ ಅವಳನ್ನು ಹಿಡಿದುಕೊಂಡಳು. “ಅಕ್ಕ, ಇನ್ನೊಂದು ಸಲ ಹೇಳು. ಒಂದೇ ಸಲ.” ಪುಸ್ತಕ ಬಾಯಿ ತೆರೆದಳು, ಬರಲಿಲ್ಲ. ಬರದಿದ್ದರೂ ನಗುತ್ತಿದ್ದಳು.

ಆ ಮಾತನ್ನು ಅವಳು ನನಗೆ ಒಂದು ದಿನವೂ ಎತ್ತಿಕೊಟ್ಟವಳಲ್ಲ. ನಾನೂ ಅವಳಿಗೆ ಕೊಟ್ಟಿರಲಿಲ್ಲ.

ಮಾರ್ಚ್ ೧೬, ಭಾನುವಾರ

ಮೂರನೇ ಪ್ಲಾಟ್‌ಫಾರ್ಮಿನ ಬಸ್ಸನ್ನು ನಾನೇ ಕೂಗಿದೆ. ನಾದಿನಿ ಒಬ್ಬಳೇ ಹತ್ತಿದಳು. ಶುಕ್ರವಾರ, ಶನಿವಾರ ಎರಡು ದಿನವೂ ಅಡುಗೆಮನೆಯಲ್ಲಿ ಅಡಗಿ ಕೂತು ಅಕ್ಕನನ್ನು ಪರೀಕ್ಷಿಸಿದ್ದಳು. ಐದು ಸಲದಲ್ಲಿ ಮೂರು ಸಲ “ಯಾರಲ್ಲಿ” ಬಂತು. ಉಳಿದೆರಡು ಸಲಕ್ಕೆಂದು ನನ್ನ ಹಳೆಯ ಕಂಚಿನ ಗಂಟೆಯನ್ನು ಕುರ್ಚಿಗೆ ಕಟ್ಟಿ, ಎದುರುಮನೆಯವರಿಗೆ ಹೇಳಿಟ್ಟು ಹೋಗಿದ್ದಾಳೆ.

ಕಿಟಕಿಯಿಂದ ಹೇಳಿದಳು: “ಭಾವ, ಮೂರು ತಿಂಗಳಿಗೆ ಬಂದು ನೋಡ್ತೀನಿ. ಹುಲ್ಲನ್ನಲ್ಲ.”

“ಗೊತ್ತು” ಎಂದೆ. ಇನ್ನೇನೋ ಹೇಳುವುದಿತ್ತು. ಬಸ್ಸು ಹೊರಟಿತು.

ಮಾರ್ಚ್ ೨೨, ಶನಿವಾರ

ಎರಡೂವರೆ ಅಂಗುಲ. ಅಲ್ಲಲ್ಲಿ ಬೋಳು ಇದೆ, ಇರಲಿ.

ಬೆಳಗ್ಗೆ ಲಾರಿ ಹೋದ ಮೇಲೆ ಜಾಲರಿ ಪರದೆ ಬಿಚ್ಚಿದೆವು. ಪುಸ್ತಕ ಚಪ್ಪಲಿ ಕಳಚಿ, ನನ್ನ ತೋಳು ಹಿಡಿದು, ಮೊದಲು ಬಲಗಾಲನ್ನೇ ಇಟ್ಟಳು. ಅರ್ಧ ಜೀವದ ಕಾಲು. ಆಮೇಲೆ ಎಡಗಾಲು. ನಿಂತಳು. ನಾನೂ ನಿಂತೆ. ಬೆರಳುಗಳನ್ನು ಮಡಚಿ ಬಿಚ್ಚಿದಳು.

ಆಮೇಲೆ ಅವಳನ್ನು ಅಂಚಿನ ಕುರ್ಚಿಯಲ್ಲಿ ಕೂರಿಸಿ ನೀರು ಹಾಕಿದೆ. ಒಂದು ಕ್ಯಾನಾಯಿತು. ಅವಳು “ಸಾ...” ಎಂದಳು.

ಯಾವ ಮಾತೆಂದು ನನಗೆ ಗೊತ್ತಿತ್ತು. ಕ್ಯಾನು ಕೆಳಗಿಡಲು ಬಗ್ಗಿದವನು ಹಾಗೇ ನಿಂತೆ. ಗುಬ್ಬಿಯೊಂದು ಬಂದು, ನಮ್ಮಿಬ್ಬರನ್ನೂ ನೋಡಿ, ಹೋಯಿತು. ಕೊಡಲಿಲ್ಲ.

“...ಲದು” ಎಂದಳು.

ಬೇರು ಇಳಿದ ಮೇಲೆ ಹೆಚ್ಚು ಬೇಕೆಂದು ನರ್ಸರಿಯಾಕೆ ಹೇಳಿದ್ದು ಹೌದು, ನಾನೇ ಮರೆತಿದ್ದೆ. ಇನ್ನೊಂದು ಕ್ಯಾನು ತರಲು ಹೋದೆ.